ಜಪಾನಿ ಭಾಷೆಯ ‘ನಾಲ್ಕು’: ಬರೆಯುವುದು, ಓದುವುದು, ಬಳಸುವುದು

ಜಪಾನಿ ಕಲಿಯುವವರು ಒಂದರಿಂದ ಹತ್ತರವರೆಗಿನ ಎಣಿಕೆಯನ್ನು ಮೊದಲ ದಿನವೇ ಬಾಯಿಪಾಠ ಮಾಡಿಬಿಡುತ್ತಾರೆ. ಗಂಟೆ, ತಾರೀಕು, ಜನರ ಲೆಕ್ಕ ಶುರುವಾದಾಗ ಎಡವುವುದು ನಾಲ್ಕರಲ್ಲಿ. ಅಕ್ಷರ ಒಂದೇ (四), ಓದು ಮೂರು: ಯೊನ್, ಯೊ, ಶಿ.

ಕನ್ನಡಿಗರಿಗೆ ಇದು ಹೊಸದೇನಲ್ಲ. ನಾವೂ ನಾಲ್ಕು ಎಂದು ಎಣಿಸಿ ನಲವತ್ತು, ನಾನ್ನೂರು, ನಾಲ್ವರು ಎನ್ನುತ್ತೇವೆ. ಚತುರ್ಭುಜ ಎನ್ನುವಾಗ ಸಂಸ್ಕೃತಕ್ಕೆ ಹೊರಳುತ್ತೇವೆ. ಅಲ್ಲೂ ಹಾಗೆಯೇ. ಯೊನ್ ಮತ್ತು ಯೊ ಜಪಾನಿನ ದೇಸಿ ಮಾತು, ಶಿ ಎಂಬುದು ಚೀನಾದಿಂದ ಅಕ್ಷರದ ಜೊತೆಗೇ ಬಂದ ಓದು.

ಮೊದಲು ಬರವಣಿಗೆ. ಒಟ್ಟು 5 ಗೆರೆ. ಜಪಾನಿನ ಮಕ್ಕಳು ಇದನ್ನು ಒಂದನೇ ತರಗತಿಯಲ್ಲೇ ಕಲಿಯುತ್ತಾರೆ. ಆಕಾರ ಹೀಗಿದೆ: ಒಂದು ಪೆಟ್ಟಿಗೆ, ಅದರೊಳಗೆ ಮೇಲಿಂದ ಇಳಿಬಿದ್ದ ಎರಡು ಕಾಲು. ಎಡಗೋಡೆಯನ್ನು ಮೇಲಿಂದ ಕೆಳಕ್ಕೆ ಎಳೆಯಿರಿ. ಎರಡನೆಯದು ಮೇಲಿನ ಅಡ್ಡಗೆರೆ. ಬಲಮೂಲೆ ತಲುಪಿದಾಗ ಪೆನ್ನು ಎತ್ತದೆ ಕೆಳಕ್ಕೆ ತಿರುಗಿಸಿ, ಬಲಗೋಡೆಯೂ ಅದೇ ಗೆರೆಯಲ್ಲಿ ಮುಗಿಯಬೇಕು. ಮೂರನೆಯದು ಒಳಗಿನ ಎಡಗಾಲು: ಮೇಲ್ಗೆರೆಯಿಂದ ಇಳಿದು ಎಡಕ್ಕೆ ಬಾಗುತ್ತಾ ತುದಿಯಲ್ಲಿ ಸಣ್ಣಗಾಗುತ್ತದೆ. ನಾಲ್ಕನೆಯದು ಬಲಗಾಲು: ಇಳಿದು ಬಲಕ್ಕೆ ಬಾಗಿ ನಿಲ್ಲುತ್ತದೆ, ತುದಿಯಲ್ಲಿ ಕೊಕ್ಕೆ ಬೇಡ. ಕೊನೆಗೆ ತಳದ ಗೆರೆ. ಹೆಚ್ಚಿನವರು ಪೂರ್ತಿ ಚೌಕ ಬರೆದು ಆಮೇಲೆ ಕಾಲು ಹಾಕುತ್ತಾರೆ. ಅದು ತಪ್ಪು ಕ್ರಮ. ಒಳಗಿನದೆಲ್ಲ ಮುಗಿದ ಮೇಲೆಯೇ ಪೆಟ್ಟಿಗೆ ಮುಚ್ಚಬೇಕು. ಸುತ್ತುಗೋಡೆ ಇರುವ ಬೇರೆ ಅಕ್ಷರಗಳಿಗೂ ಇದೇ ನಿಯಮ, ಆದ್ದರಿಂದ ಕೈಗೆ ಈಗಲೇ ಅಭ್ಯಾಸವಾಗಲಿ. ಪೆಟ್ಟಿಗೆ ಎತ್ತರಕ್ಕಿಂತ ಅಗಲ ಹೆಚ್ಚಿರಬೇಕು. ಕಾಲುಗಳು ಮೇಲ್ಗೆರೆಯನ್ನು ದಾಟಿ, ಅದರ ಮೇಲೆ ಇನ್ನೊಂದು ಅಡ್ಡಗೆರೆ ಬಂತೋ, ಓದುವವರಿಗೆ ಅದು ‘ನಿಶಿ’, ಅಂದರೆ ಪಶ್ಚಿಮ.

ಇನ್ನು ಓದು. ಯಾವುದು ಎಲ್ಲಿ ಎಂದು ಸೂತ್ರ ಹುಡುಕುತ್ತಾ ಕೂರಬೇಡಿ, ಸಿಗುವುದಿಲ್ಲ. ಮುಂದಿನ ಪದದೊಡನೆ ಬೆಸೆದು, ಇಡೀ ಪದವನ್ನೇ ಬಾಯಿಗೆ ತಂದುಕೊಳ್ಳಿ.

ಸಂದೇಹ ಬಂದಾಗ ಯೊನ್ ಎನ್ನಿ. ಹೆಚ್ಚಿನ ಕಡೆ ಅದೇ ಸರಿ. 40 ಯೊನ್‌ಜೂ, 400 ಯೊನ್‌ಹ್ಯಾಕು, 4000 ಯೊನ್‌ಸೆನ್, ನಾಲ್ಕು ವರ್ಷ ವಯಸ್ಸು ಯೊನ್‌ಸಾಯ್, ಹಾಳೆ ಅಥವಾ ತಟ್ಟೆಯಂಥ ಚಪ್ಪಟೆ ವಸ್ತು ನಾಲ್ಕಾದರೆ ಯೊನ್‌ಮಾಯ್. ಫೋನ್ ನಂಬರಿನಲ್ಲೂ ಯೊನ್. ಒಂದು ಸಮಾಧಾನವೂ ಇದೆ: ಮೂರು ತನ್ನ ಮುಂದಿನ ಅಕ್ಷರವನ್ನು ಬದಲಿಸುತ್ತದೆ (300 ಸನ್‌ಬ್ಯಾಕು, 3000 ಸನ್‌ಜೆನ್), ನಾಲ್ಕು ಸಾಮಾನ್ಯವಾಗಿ ಬದಲಿಸುವುದಿಲ್ಲ. ಆದರೆ ನಿಮಿಷದ ‘ಫುನ್’ ಬದಲಾಗುತ್ತದೆ: ನಾಲ್ಕು ನಿಮಿಷ ಯೊನ್‌ಪುನ್.

ಯೊ ಬರುವ ಪದಗಳು ಕಡಿಮೆ, ಆದರೆ ದಿನಕ್ಕೆ ಹತ್ತು ಸಲ ಬೇಕಾಗುವಂಥವು: ನಾಲ್ಕು ಗಂಟೆಗೆ ಯೊಜಿ, ನಾಲ್ಕು ಜನ ಯೊನಿನ್, ನಾಲ್ಕು ವರ್ಷ ಯೊನೆನ್. ಹದಿನಾಲ್ಕರಲ್ಲೂ ಇದು ಉಳಿಯುತ್ತದೆ: ಜೂಯೊಜಿ, ಜೂಯೊನಿನ್. ‘ಯೊನ್‌ಜಿ’ ಎಂಬುದು ಕಲಿಯುವವರ ಬಾಯಲ್ಲಿ ಅತಿ ಹೆಚ್ಚು ಕೇಳಿಸುವ ತಪ್ಪು. ‘ಶಿನಿನ್’ ಎಂದರೆ ಇನ್ನೂ ಕಷ್ಟ, ಆ ಪದಕ್ಕೆ ಸತ್ತ ಮನುಷ್ಯ ಎಂಬ ಅರ್ಥವಿದೆ. ಬಿಡಿಬಿಡಿ ವಸ್ತುಗಳನ್ನು ದೇಸಿ ರೀತಿಯಲ್ಲಿ ಎಣಿಸುವಾಗ ಯೊತ್ತ್ಸು, ತಿಂಗಳ ನಾಲ್ಕನೇ ತಾರೀಕು ಯೊಕ್ಕ, 14 ಜೂಯೊಕ್ಕ, 24 ನಿಜೂಯೊಕ್ಕ.

ತಾರೀಕಿನ ವಿಷಯದಲ್ಲಿ ಕಿವಿ ಚುರುಕಾಗಿರಲಿ. ಯೊಕ್ಕ ನಾಲ್ಕನೇ ತಾರೀಕು, ಯೋಕ ಎಂಟನೇ ತಾರೀಕು. ಒಂದರಲ್ಲಿ ಹ್ರಸ್ವ ಮತ್ತು ಒತ್ತು, ಇನ್ನೊಂದರಲ್ಲಿ ದೀರ್ಘ. ಹ್ರಸ್ವ ದೀರ್ಘಗಳೂ ಒತ್ತಕ್ಷರವೂ ಕನ್ನಡದಲ್ಲಿ ದಿನನಿತ್ಯ ಬಳಕೆಯಾಗುವುದರಿಂದ ಈ ವ್ಯತ್ಯಾಸ ನಮಗೆ ಸುಲಭ. ಕನ್ನಡ ಲಿಪಿಯಲ್ಲೇ ಬರೆದಿಟ್ಟುಕೊಂಡರೆ ಮರೆಯುವುದಿಲ್ಲ. ಹಾಗೆಯೇ ಯೊತ್ತ್ಸು ನಾಲ್ಕು, ಯತ್ತ್ಸು ಎಂಟು. ನಮ್ಮ ನಾಲಿಗೆಯ ತೊಂದರೆ ಬೇರೊಂದಿದೆ: ವ್ಯಂಜನದಲ್ಲಿ ಮುಗಿಯುವ ಪದಕ್ಕೆ ಉಕಾರ ಸೇರಿಸಿ ‘ಯೊನ್ನು’ ಎಂದುಬಿಡುತ್ತೇವೆ. ಕೊನೆಯ ‘ನ್’ ಒಂದು ಪೂರ್ತಿ ಮಾತ್ರೆ. ಯೊ ಒಂದು ತಾಳ, ನ್ ಇನ್ನೊಂದು ತಾಳ, ಅಲ್ಲಿಗೆ ನಿಲ್ಲಿಸಿ.

ಶಿ ಉಳಿದಿರುವುದು ಸ್ಥಿರವಾದ ಪದಗಳಲ್ಲಿ. ಏಪ್ರಿಲ್ ತಿಂಗಳು ಶಿಗತ್ಸು, ನಾಲ್ಕು ಋತುಗಳು ಶಿಕಿ, ನಾಲ್ಕು ಮುಖ್ಯ ದ್ವೀಪಗಳಲ್ಲೊಂದು ಶಿಕೊಕು. ಏಪ್ರಿಲ್ ಶಿಗತ್ಸು ಆದರೂ ನಾಲ್ಕು ತಿಂಗಳ ಅವಧಿ ಯೊನ್‌ಕಗೆತ್ಸು ಎಂಬುದನ್ನು ನೆನಪಿಡಿ. ಮಗ್ಗಿಯಲ್ಲೂ ಶಿ ಇದೆ: ನಾಲ್ಕ್ನಾಲ್ಕಲ ಹದಿನಾರು ಎನ್ನಲು ‘ಶಿ ಶಿ ಜೂರೊಕು’. ಒಂದರಿಂದ ಏರುತ್ತಾ ಎಣಿಸುವಾಗ ಇಚಿ, ನಿ, ಸನ್, ಶಿ ಎನ್ನುವವರೇ ಹತ್ತರಿಂದ ಇಳಿಯುವಾಗ ಗೊ, ಯೊನ್, ಸನ್ ಎನ್ನುತ್ತಾರೆ. ದಿನಕ್ಕೊಮ್ಮೆ ಹೀಗೆ ಏರಿಳಿದರೆ ಎರಡು ಓದೂ ಜೊತೆಯಾಗಿ ನಿಲ್ಲುತ್ತವೆ.

ಶಿ ಹಿಂದೆ ಸರಿದದ್ದಕ್ಕೆ ಕಾರಣವಿದೆ: ಸಾವಿಗೂ ಜಪಾನಿನಲ್ಲಿ ಶಿ ಎಂದೇ ಹೆಸರು. ಜೊತೆಗೆ ಏಳಕ್ಕೆ ಇರುವ ‘ಶಿಚಿ’ ಕಿವಿಗೆ ಹತ್ತಿರವಾಗಿ ಗೊಂದಲವಾಗುತ್ತದೆ. ಕೆಲವು ಆಸ್ಪತ್ರೆ, ಹೋಟೆಲುಗಳಲ್ಲಿ 4ನೇ ನಂಬರಿನ ಕೋಣೆ ಇರುವುದಿಲ್ಲ. ವಾಹನಗಳಿಗೆ ಕೊನೆಯಲ್ಲಿ 42 ಅಥವಾ 49 ಬರುವ ನಂಬರನ್ನು ಸಾಮಾನ್ಯವಾಗಿ ಕೊಡುವುದಿಲ್ಲ. 42ನ್ನು ಬಿಡಿ ಅಂಕಿಗಳಾಗಿ ಓದಿದರೆ ‘ಶಿನಿ’, ಸಾಯುವುದು ಎಂಬ ದನಿ. ಉಡುಗೊರೆ ಕೊಡುವಾಗಲೂ ನಾಲ್ಕರ ಜೋಡಣೆ ಬೇಡ, ಮೂರು ಅಥವಾ ಐದು ಇರಲಿ.

ಕಂಪ್ಯೂಟರಿನಲ್ಲೋ ಮೊಬೈಲಿನಲ್ಲೋ ಈ ಅಕ್ಷರ ಬೇಕಾದಾಗ ‘ಯೊನ್’ ಎಂದೇ ಟೈಪ್ ಮಾಡಿ ಬದಲಿಸಿ. ‘ಶಿ’ ಎಂದರೆ ಸಾವು, ಕವಿತೆ, ನಗರ ಎಲ್ಲ ಸಾಲುಗಟ್ಟಿ ಬರುತ್ತವೆ, ಹುಡುಕುತ್ತಾ ಕೂರಬೇಕಾಗುತ್ತದೆ. ಅಡ್ಡಸಾಲಿನಲ್ಲಿ ಬೆಲೆ, ಗಂಟೆ, ತಾರೀಕು ಬರೆಯಲು ಅಂಕಿಯ 4 ಸಾಕು. ಮೇಲಿಂದ ಕೆಳಕ್ಕೆ ಬರೆಯುವ ಸಾಲಿನಲ್ಲಿ, ಶಿಕೊಕುವಿನಂಥ ಹೆಸರಿನಲ್ಲಿ ಅಕ್ಷರವೇ ಬೇಕು.