ಪಂಪ್ ಮನೆಯಿಂದ ಆರಂಭಿಸಿ: ಕ್ಯಾಡ್‌ನಲ್ಲಿ ಮೊದಲ ಅಭ್ಯಾಸ ನಕ್ಷೆ

ಕ್ಯಾಡ್ (ಕಂಪ್ಯೂಟರಿನಲ್ಲಿ ನಕ್ಷೆ ಬರೆಯುವ ವಿಧಾನ) ಕಲಿಯಲು ಕುಳಿತವರು ಸಾಮಾನ್ಯವಾಗಿ ಪುಸ್ತಕದಲ್ಲಿರುವ ಯಾವುದೋ ಯಂತ್ರದ ಬಿಡಿಭಾಗವನ್ನು ನೋಡಿ ಬರೆಯುತ್ತಾರೆ. ಬರೆದದ್ದು ಸರಿಯೇ ಎಂದು ಪರೀಕ್ಷಿಸಲು ಆ ವಸ್ತು ಅವರ ಕೈಗೆ ಸಿಗುವುದಿಲ್ಲ. ಆದ್ದರಿಂದ ಮೊದಲ ನಕ್ಷೆಗೆ ನೀವೇ ಟೇಪು ಹಿಡಿದು ಅಳೆಯಬಹುದಾದ ಕಟ್ಟಡವನ್ನು ಆರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕೊಡಗಿನಲ್ಲಿ ಇದಕ್ಕೆ ಕಾಫಿ ತೋಟದ ಕೆರೆ ದಂಡೆಯ ಪಂಪ್ ಮನೆ ಬಹಳ ಅನುಕೂಲವಾದದ್ದು: ನಾಲ್ಕು ಗೋಡೆ, ಒಂದು ಬಾಗಿಲು, ಒಂದು ಕಿಟಕಿ. ಐನ್‌ಮನೆಯ (ಕೊಡವ ಮನೆತನದ ಮೂಲಮನೆಯ) ಕೈಯಾಲೆ ಎಂಬ ಜಗಲಿಯನ್ನೂ ನೆಲ್ಲಕ್ಕಿ ನಡುಬಾಡೆ ಎಂಬ ನಡುಮನೆಯನ್ನೂ ಬರೆಯುವ ಆಸೆ ಸಹಜವೇ. ಆದರೆ ಅದು ಐದಾರು ನಕ್ಷೆಗಳ ನಂತರದ ಕೆಲಸ.

ಕೋಣೆಯ ಒಳಗಿನ ನಾಲ್ಕು ಬದಿಗಳ ಜೊತೆಗೆ ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಿರಿ. ಮೇಸ್ತ್ರಿಗಳು ಅಡಿ, ಇಂಚುಗಳಲ್ಲಿ ಹೇಳಿದರೂ ನೀವು ಮಿಲಿಮೀಟರಿನಲ್ಲಿ ಬರೆದುಕೊಳ್ಳಿ. ಒಂದು ಅಡಿಗೆ 304.8 ಮಿ.ಮೀ.; ಒಂಬತ್ತು ಇಂಚಿನ ಗೋಡೆಯನ್ನು 230 ಮಿ.ಮೀ. ಎಂದು ಹಿಡಿಯುವುದು ರೂಢಿ. ಉದಾಹರಣೆಗೆ ಒಳಗಿನ ಉದ್ದ 3000, ಅಗಲ 2400 ಎಂದಿಟ್ಟುಕೊಳ್ಳೋಣ. ಮೂಲೆಗಳು ಮಟ್ಟಸವಾಗಿದ್ದರೆ, ಅಂದರೆ ಸರಿಯಾಗಿ 90 ಡಿಗ್ರಿ ಇದ್ದರೆ, ಎರಡೂ ಕರ್ಣಗಳು 3842 ಬರಬೇಕು.

ಇಲ್ಲಿ ಹೇಳುವ ಕ್ರಮ ಆಟೋಕ್ಯಾಡ್‌ನದು. ಉಚಿತವಾಗಿ ಸಿಗುವ ಲಿಬ್ರೆಕ್ಯಾಡ್‌ನಲ್ಲಿಯೂ ಇದೇ ಅಭ್ಯಾಸವನ್ನು ಮಾಡಬಹುದು. ಕಮಾಂಡುಗಳ ಹೆಸರು ಅಲ್ಲಲ್ಲಿ ಬೇರೆಯಾಗುತ್ತದೆ. ಮೊದಲು ಯೂನಿಟ್ಸ್‌ನಲ್ಲಿ ಮಿಲಿಮೀಟರನ್ನು ಆರಿಸಿ, ಗೋಡೆ, ಬಾಗಿಲು-ಕಿಟಕಿ, ಅಳತೆ ಎಂದು, ಪಾರದರ್ಶಕ ಹಾಳೆಗಳಂತೆ ಒಂದರ ಮೇಲೊಂದು ಕೂರುವ ಮೂರು ಲೇಯರ್‌ಗಳನ್ನು ಮಾಡಿಕೊಳ್ಳಿ. ಕಟ್ಟಡವನ್ನು ಯಾವಾಗಲೂ ಅದರ ನಿಜವಾದ ಗಾತ್ರದಲ್ಲೇ ಬರೆಯಬೇಕು. ಸ್ಕೇಲಿನ ಮಾತು ಬರುವುದು ಮುದ್ರಿಸುವಾಗ ಮಾತ್ರ.

ಲೈನ್ ಕಮಾಂಡ್ ಕೊಟ್ಟು 0,0 ಎಂದು ಟೈಪ್ ಮಾಡಿ ಎಂಟರ್ ಒತ್ತಿ. ಬಳಿಕ ಕ್ರಮವಾಗಿ @3000,0 ಮತ್ತು @0,2400 ಮತ್ತು @-3000,0 ಕೊಟ್ಟು, ಕೊನೆಗೆ ಕ್ಲೋಸ್ ಎಂದರೆ ಒಳಗಿನ ಚೌಕಟ್ಟು ಮುಗಿಯಿತು. @ ಎಂದರೆ ‘ಈಗ ನಿಂತಿರುವ ಬಿಂದುವಿನಿಂದ’ ಎಂದರ್ಥ; ಮೊದಲ ಅಂಕಿ ಅಡ್ಡಕ್ಕೆ, ಎರಡನೆಯದು ಮೇಲಕ್ಕೆ. ಡೈನಮಿಕ್ ಇನ್‌ಪುಟ್ (ಕರ್ಸರ್ ಪಕ್ಕದಲ್ಲೇ ಅಂಕಿ ತೋರಿಸುವ ಸೌಲಭ್ಯ) ಚಾಲೂ ಇದ್ದರೆ @ ಇಲ್ಲದೆಯೂ ಗೆರೆ ಸರಿಯಾಗಿ ಬರುತ್ತದೆ. ಆದರೂ ಬಿಡದೆ ಹಾಕುವುದನ್ನು ರೂಢಿಸಿಕೊಳ್ಳಿ, ಏಕೆಂದರೆ ಆ ಸೌಲಭ್ಯ ಆಫ್ ಆಗಿರುವ ಇನ್ನೊಂದು ಕಂಪ್ಯೂಟರಿನಲ್ಲಿ ಗೆರೆ ಎಲ್ಲಿಗೋ ಹೋಗಿಬಿಡುತ್ತದೆ.

ಹಳೆಯ ಪಂಪ್ ಮನೆಗಳ ಮೂಲೆಗಳು ಮಟ್ಟಸವಾಗಿರುವುದು ಅಪರೂಪ. ಮುಂದಿನ ಬಲ ಮೂಲೆಯಿಂದ ಹಿಂದಿನ ಎಡ ಮೂಲೆಗೆ 3842 ರ ಬದಲು 3870 ಬಂದಿತೆನ್ನಿ. ಆಗ ಮುಂದಿನ ಗೆರೆಯನ್ನು ಮಾತ್ರ ಎಳೆದು, ಅದರ ಎಡ ತುದಿಯನ್ನು ಕೇಂದ್ರವಾಗಿಟ್ಟು 2400 ತ್ರಿಜ್ಯದ ಒಂದು ವೃತ್ತವನ್ನೂ, ಬಲ ತುದಿಯಿಂದ 3870 ತ್ರಿಜ್ಯದ ಇನ್ನೊಂದು ವೃತ್ತವನ್ನೂ ಬರೆಯಿರಿ. ಅವೆರಡೂ ಕೋಣೆಯ ಕಡೆಗೆ ಸಂಧಿಸುವ ಬಿಂದುವೇ ಹಿಂದಿನ ಎಡ ಮೂಲೆ. ಬಲ ಮೂಲೆಯನ್ನೂ ಹೀಗೆಯೇ ಹಿಡಿದು, ಮೂಲೆಗಳನ್ನು ಗೆರೆಗಳಿಂದ ಸೇರಿಸಿ, ವೃತ್ತಗಳನ್ನು ಅಳಿಸಿ. ಹಿಂದಿನ ಗೋಡೆಯ ಉದ್ದ ಟೇಪಿನ ಅಳತೆಗೆ ಹೊಂದಿದರೆ ನಿಮ್ಮ ಕೆಲಸ ಸರಿ ಇದೆ. ಈ ಒಂದು ಪಾಠ ಚೆನ್ನಾಗಿ ಬಂದರೆ ಸೊಟ್ಟಗಿರುವ ಕಾಫಿ ಕಣವನ್ನಾಗಲಿ ಗದ್ದೆಯನ್ನಾಗಲಿ ನಿರ್ಭಯವಾಗಿ ಬರೆಯಬಹುದು.

ಈಗ ಆಫ್‌ಸೆಟ್‌ನಲ್ಲಿ (ಗೆರೆಗೆ ಸಮಾಂತರವಾಗಿ ಪ್ರತಿ ಬರೆಯುವ ಕಮಾಂಡ್) 230 ಕೊಟ್ಟು ನಾಲ್ಕೂ ಗೆರೆಗಳ ಪ್ರತಿಯನ್ನು ಹೊರಬದಿಗೆ ಬರೆದರೆ, ಹೊರಗಿನ ಮೂಲೆಗಳು ಕೂಡದೆ ಬಾಯಿ ತೆರೆದು ನಿಲ್ಲುತ್ತವೆ. ಹೊಸಬರು ಅವನ್ನು ಕಣ್ಣಂದಾಜಿನಲ್ಲಿ ಎಳೆದು ಸೇರಿಸುತ್ತಾರೆ, ಹಾಗೆ ಮಾಡಬೇಡಿ. ಮೂಲೆಯನ್ನು ದುಂಡಾಗಿಸುವ ಫಿಲೆಟ್ ಕಮಾಂಡ್‌ನಲ್ಲಿ ತ್ರಿಜ್ಯವನ್ನು 0 ಮಾಡಿ, ಎರಡು ಗೆರೆಗಳನ್ನು ಒಂದಾದ ಮೇಲೊಂದು ಕ್ಲಿಕ್ ಮಾಡಿದರೆ ಮೂಲೆ ಕರಾರುವಾಕ್ಕಾಗಿ ಕೂಡುತ್ತದೆ.

ಬಾಗಿಲಿಗೆ 300,0 ಯಿಂದ @0,-230 ಗೆ ಒಂದು ಗೆರೆ ಎಳೆದು, ಅದನ್ನು ಬಲಕ್ಕೆ 900 ಆಫ್‌ಸೆಟ್ ಮಾಡಿ, ನಡುವಿನ ಗೋಡೆಯ ಗೆರೆಗಳನ್ನು ಟ್ರಿಮ್ ಮಾಡಿ, ಅಂದರೆ ಕತ್ತರಿಸಿ ತೆಗೆಯಿರಿ. ಕಿಟಕಿಗೂ ಇದೇ ಕ್ರಮ.

ಅಳತೆ ಹಾಕಿದಾಗ ಅಂಕಿಗಳು ಕಾಣುವುದೇ ಇಲ್ಲ ಎಂಬುದು ಬಹುತೇಕ ಎಲ್ಲರ ದೂರು. 3000 ಮಿ.ಮೀ. ಗೋಡೆಯ ಪಕ್ಕದಲ್ಲಿ 2.5 ಮಿ.ಮೀ. ಎತ್ತರದ ಅಕ್ಷರ ಕಾಣುವುದಾದರೂ ಹೇಗೆ? ಡೈಮೆನ್ಷನ್ ಸ್ಟೈಲ್‌ನಲ್ಲಿ ಓವರಾಲ್ ಸ್ಕೇಲನ್ನು (ಅಳತೆಯ ಅಕ್ಷರಗಳನ್ನು ಎಷ್ಟು ಪಟ್ಟು ಹಿಗ್ಗಿಸಬೇಕೆಂಬ ಅಂಕಿ) 50 ಮಾಡಿ. ಆಗ ಅಕ್ಷರ 125 ಕ್ಕೆ ಏರಿ, 1:50 ರಲ್ಲಿ, ಅಂದರೆ ನಿಜ ಗಾತ್ರದ ಐವತ್ತರಲ್ಲೊಂದು ಭಾಗವಾಗಿ, ಮುದ್ರಿಸಿದಾಗ ಮತ್ತೆ 2.5 ಆಗುತ್ತದೆ.

ಕಕ್ಕಡದ (ಜುಲೈ-ಆಗಸ್ಟ್‌ನ ಕೊಡವ ತಿಂಗಳು) ಮಳೆಯಲ್ಲಿ ನಮ್ಮಲ್ಲಿ ಕರೆಂಟು ಯಾವ ಕ್ಷಣದಲ್ಲಿ ಹೋಗುತ್ತದೆಂದು ಹೇಳಲಾಗದು. ತಾನಾಗಿ ಸೇವ್ ಆಗುವುದನ್ನು ನಂಬಿ ಕೂರದೆ, ಒಂದೊಂದು ಗೋಡೆ ಮುಗಿದಾಗಲೂ ಕಂಟ್ರೋಲ್ ಮತ್ತು ಎಸ್ ಒತ್ತಿ.

ಕೊನೆಗೆ ಎ4 ಹಾಳೆಯ ಮೇಲೆ 1:50 ರಲ್ಲಿ ಮುದ್ರಿಸಿ, ಶಾಲೆಯ ಸ್ಕೇಲಿನಿಂದ ಮುಂದಿನ ಗೋಡೆಯ ಒಳ ಅಳತೆಯನ್ನು ನೋಡಿ. ಅದು ಸರಿಯಾಗಿ 60 ಮಿ.ಮೀ. ಇರಬೇಕು. ಬೇರೆ ಅಳತೆ ಬಂದರೆ ತಪ್ಪು ಬಹುಶಃ ನಕ್ಷೆಯದಲ್ಲ. ಮುದ್ರಣಕ್ಕೆ ತೆರೆಯುವ ಪ್ಲಾಟ್ ವಿಂಡೋದಲ್ಲಿ ‘ಫಿಟ್ ಟು ಪೇಪರ್’ (ಹಾಳೆಗೆ ಹೊಂದಿಸು) ಗುರುತು ಉಳಿದುಕೊಂಡಿದೆಯೇ ಎಂದು ನೋಡಿ, ಅದನ್ನು ತೆಗೆದು ಮತ್ತೊಮ್ಮೆ ಮುದ್ರಿಸಿ.