ಇಬ್ಬರು, ಎರಡು ಊರು, ಒಂದು ಆಲ್ಬಂ: ದೂರದಿಂದಲೇ ಹಾಡು ಕಟ್ಟುವುದು ಹೇಗೆ

ಲಾಸ್ ಏಂಜಲೀಸ್‌ನಿಂದ ಜಿಮ್ಮಿ ಟ್ಯಾಂಬೊರೆಲ್ಲೊ ಎಲೆಕ್ಟ್ರಾನಿಕ್ ಟ್ರ್ಯಾಕ್‌ಗಳನ್ನು ಅಂಚೆಯಲ್ಲಿ ಕಳಿಸುತ್ತಿದ್ದರು, ಸಿಯಾಟಲ್‌ನಲ್ಲಿ ಬೆನ್ ಗಿಬ್ಬರ್ಡ್ ಅದಕ್ಕೆ ಸಾಲು, ದನಿ ಸೇರಿಸಿ ವಾಪಸ್ ಕಳಿಸುತ್ತಿದ್ದರು. 2003ರಲ್ಲಿ ದಿ ಪೋಸ್ಟಲ್ ಸರ್ವೀಸ್ ಎಂಬ ಬ್ಯಾಂಡ್ ಹೆಸರಿನಲ್ಲಿ ಇವರ ಆಲ್ಬಂ ಬಂದದ್ದು ಹೀಗೆ. ನಿಮಗೆ ಅಂಚೆ ಬೇಡ, ಇಂಟರ್ನೆಟ್ ಸಾಕು. ಆದರೆ ಹಾಡಿನಲ್ಲಿ ಇನ್ನೊಬ್ಬರಿಗೆ ಜಾಗ ಬಿಟ್ಟೇ ಕಳಿಸಿ, ಅದು ಎಲ್ಲಕ್ಕಿಂತ ಮುಖ್ಯ.

ಮೊದಲು ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್), ಶ್ರುತಿ, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಬಾರಿ ದನಿಯನ್ನು ಅಳೆದು ದಾಖಲಿಸಬೇಕು) ಗೊತ್ತು ಮಾಡಿಕೊಳ್ಳಿ. 24 ಬಿಟ್, 48 ಕಿಲೋಹರ್ಟ್ಸ್‌ನ ವೇವ್ (WAV) ಫೈಲ್ ಸಾಕು. ಪ್ರತಿ ಟ್ರ್ಯಾಕನ್ನೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಎಕ್ಸ್‌ಪೋರ್ಟ್ ಮಾಡಿ, ಗಿಟಾರ್ ಎರಡನೇ ನಿಮಿಷಕ್ಕೆ ಬಂದರೂ ಸರಿ, ಆಗ ಆ ಕಡೆಯವರು ಸುಮ್ನೆ ತಂದು ಹಾಕಿದರೆ ಎಲ್ಲ ತಾನಾಗಿ ಕೂರುತ್ತದೆ. ಆನ್‌ಲೈನ್‌ನಲ್ಲಿ ಒಟ್ಟಿಗೆ ನುಡಿಸಲು ಹೋಗಬೇಡಿ. 30 ಮಿಲಿಸೆಕೆಂಡ್ ತಡವಾದರೂ ತಾಳ ಜಾರುತ್ತದೆ.

ಕನಸಿನಂಥ ದನಿ ಬೇಕಲ್ವಾ? ರಿವರ್ಬ್ (ದೊಡ್ಡ ಕೋಣೆಯಲ್ಲಿ ದನಿ ಮೊಳಗಿದಂಥ ಪರಿಣಾಮ) ಹಾಕದ ಟ್ರ್ಯಾಕನ್ನೂ ಜೊತೆಗೇ ಕಳಿಸಿ, ಬೆರೆತ ರಿವರ್ಬ್ ತೆಗೆಯುವುದು ತುಂಬಾ ಕಷ್ಟ. ರಿವರ್ಬ್ ಉದ್ದವಿರಲಿ, ಅದರ 200 ಹರ್ಟ್ಸ್ ಕೆಳಗಿನದನ್ನು ಕತ್ತರಿಸಿ, ಇಲ್ಲದಿದ್ದರೆ ಬೇಸ್ ಕಲಸಿಹೋಗುತ್ತದೆ. ಡಿಲೇಗೆ, ಅಂದರೆ ದನಿ ತಡವಾಗಿ ಮತ್ತೆ ಕೇಳಿಸುವ ಪರಿಣಾಮಕ್ಕೆ, ಎಷ್ಟು ಸಮಯ ಇಡಬೇಕೆಂದು ತಿಳಿಯಲು 60,000ವನ್ನು ಬಿಪಿಎಂನಿಂದ ಭಾಗಿಸಿ: 80 ಬಿಪಿಎಂಗೆ 750 ಮಿಲಿಸೆಕೆಂಡ್.

ಜಾನಪದ, ಸಿಂಥ್, ಹಿಪ್‌ಹಾಪ್ ಏನು ಬೇಕಾದರೂ ಬೆರೆಸಿ, ಆದರೆ ಒಂದೇ ದನಿ ಅಥವಾ ಒಂದೇ ರಿವರ್ಬ್ ಆಲ್ಬಂ ಪೂರ್ತಿ ಹರಿಯಲಿ. ನನಗೆ ಅದೇ ಜಾಸ್ತಿ ಇಷ್ಟ.

ಹಾಡಿನ ಹಕ್ಕಿನಲ್ಲಿ ಯಾರ ಪಾಲು ಎಷ್ಟೆಷ್ಟು ಎಂದು ಬಿಡುಗಡೆಗೆ ಮೊದಲೇ ಬರೆದಿಟ್ಟುಕೊಳ್ಳಿ.