ಹಾಸ್ಟೆಲ್ ರೂಮ್ ಪಟ್ಟಿಯಲ್ಲಿ ಹಳೇ ಹೆಸರು ಹೊರಗೆ ಕಾಣದ ಹಾಗೆ ಮಾಡಿದ್ದು

ಮೈಸೂರಿನಲ್ಲಿ ನಾನು ನೋಡಿಕೊಳ್ಳುವ ಹಾಸ್ಟೆಲ್‌ನ ರೂಮ್ ಪಟ್ಟಿ ಗೂಗಲ್ ಶೀಟ್‌ನಲ್ಲಿದೆ. ಟ್ರಾನ್ಸ್‌ಜೆಂಡರ್ ವಿದ್ಯಾರ್ಥಿಗಳ ಹಳೇ ಹೆಸರು, ಲಿಂಗ ಎರಡೂ ಮೆಸ್‌ನವರಿಗೂ ವಾಚ್‌ಮನ್‌ಗೂ ಕಾಣುತ್ತಿದ್ದವು.

ಕಾಲಂ ಹೈಡ್ ಮಾಡಿದೆ. ಕಾಪಿ ಮಾಡಿಕೊಂಡವರು ಅನ್‌ಹೈಡ್ ಒತ್ತಿದರೆ ಎಲ್ಲ ಬಯಲು. ಶೀಟ್ ಪ್ರೊಟೆಕ್ಟ್ ಮಾಡಿದರೆ ತಿದ್ದಲು ಆಗುವುದಿಲ್ಲ, ನೋಡಲು ಆಗುತ್ತದೆ. ಕಾಲಂ ಅಳಿಸಿದರೂ ಎಡಿಟ್ ಮಾಡುವವರಿಗೆ ವರ್ಷನ್ ಹಿಸ್ಟರಿಯಲ್ಲಿ (ಶೀಟ್‌ನ ಹಳೇ ರೂಪಗಳ ದಾಖಲೆಯಲ್ಲಿ) ಸಿಗುತ್ತದೆ. ಗುರುತಿಗೆ ಮಾಸ್ಕ್ಡ್ ಆಧಾರ್ ತೆಗೆದುಕೊಂಡರೂ ಸುಮ್ನೆ: ನಂಬರ್ ಮುಚ್ಚುತ್ತದೆ, ಹೆಸರು, ಲಿಂಗ ಹಾಗೇ ಇರುತ್ತವೆ.

ಕೆಲಸಕ್ಕೆ ಬಂದದ್ದು ಬೇರೆ ಫೈಲ್. ಖಾಲಿ ಹೊಸ ಶೀಟ್ ತೆರೆಯಿರಿ. 'ಮೇಕ್ ಎ ಕಾಪಿ' ಬೇಡ. ಹಳೆಯದರಿಂದ ರೂಮ್ ನಂಬರ್, ಹಾಸ್ಟೆಲ್ ನಂಬರ್, ಕರೆಯುವ ಹೆಸರು, ಇಷ್ಟೇ ತನ್ನಿ. ಒಂದೊಂದೇ ಕಾಲಂ ಕಾಪಿ ಮಾಡಿ. ಒಟ್ಟಿಗೆ ಎಳೆದರೆ ನಡುವೆ ಹೈಡ್ ಆದದ್ದೂ ಬಂದುಬಿಡುತ್ತದೆ. ಕಂಟ್ರೋಲ್, ಶಿಫ್ಟ್, ವಿ ಒಟ್ಟಿಗೆ ಒತ್ತಿ ಅಂಟಿಸಿ. ಇಂಪೋರ್ಟ್‌ರೇಂಜ್ (ಬೇರೆ ಶೀಟ್‌ನಿಂದ ಡೇಟಾ ಎಳೆಯುವ ಫಾರ್ಮುಲಾ) ಬಳಸಬೇಡಿ, ಹೊಸ ಫೈಲ್ ಎಡಿಟ್ ಮಾಡುವವರು ಅದರಿಂದ ಮೂಲದ ಬೇರೆ ಕಾಲಂ ಕೂಡ ತರಬಹುದು. ಆಮೇಲೆ ಶೇರ್‌ನಲ್ಲಿ 'ರಿಸ್ಟ್ರಿಕ್ಟೆಡ್' (ಸೇರಿಸಿದವರಿಗೆ ಮಾತ್ರ), ಸೇರಿಸಿದ ಎಲ್ಲರಿಗೂ 'ವ್ಯೂವರ್' (ನೋಡಲು ಮಾತ್ರ). ಕೊನೆಗೆ ಹಳೇ ಫೈಲ್‌ನ ಲಿಂಕನ್ನೂ 'ರಿಸ್ಟ್ರಿಕ್ಟೆಡ್' ಮಾಡಿ, ಅದರ ಶೇರ್ ಪಟ್ಟಿಯಿಂದ ಮೆಸ್‌ನವರು, ವಾಚ್‌ಮನ್ ಇವರನ್ನು ತೆಗೆಯಿರಿ. ಇದನ್ನೇ ಜಾಸ್ತಿ ಜನ ಮರೆಯುವುದು.

ಕರೆಯುವ ಹೆಸರು ಹಾಕುವ ಮುಂಚೆ ಆ ವಿದ್ಯಾರ್ಥಿಯನ್ನೇ ಕೇಳಿ. ಕೆಲವರಿಗೆ ಅದೂ ಎಲ್ಲರಿಗೆ ಕಾಣುವುದು ಬೇಡ. ಅವರಿಗೆ ಇನಿಷಿಯಲ್ ಸಾಕು.